ತಾಳ್ಮೆಯಿಲ್ಲದ ಟೀಚರ್

ಟೀಚರ್ ತೀರಿಕೊಂಡ ಮೇಲೆ ಕಾರ್ಕಳದ ಅವರ ಹಳೆಯ ಶಾಲೆಯಲ್ಲಿ ಒಂದು ಸಂತಾಪ ಸಭೆ ನಡೆಯಿತು. ಮಾತಾಡಿದವರೆಲ್ಲ ಅವರನ್ನು ತಾಳ್ಮೆಯ ಸಾಕಾರಮೂರ್ತಿ ಎಂದರು. ಒಬ್ಬರಂತೂ ಸಹನೆಯಲ್ಲಿ ಭೂಮಿತಾಯಿಗೆ ಸಮಾನ ಎಂದುಬಿಟ್ಟರು. ನಾನು ಮುಂದಿನ ಸಾಲಿನಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಅಳುತ್ತಿದ್ದೇನೆ ಎಂದುಕೊಂಡು ಪಕ್ಕದವರು ಬೆನ್ನು ಸವರಿದರು. ನಿಜವಾಗಿ ನಾನು ನಗು ತಡೆಯಲಾಗದೆ ಒದ್ದಾಡುತ್ತಿದ್ದೆ.

ಅದೇ ಶಾಲೆಯಲ್ಲಿ ಅವರು ಕನ್ನಡ ಕಲಿಸುತ್ತಿದ್ದರು, ನಾನು ವಿಜ್ಞಾನ. ಪರ್ಕಳದಲ್ಲಿ, ಕೆಲಸದಲ್ಲಿದ್ದಾಗಲೂ ನಿವೃತ್ತಿಯ ನಂತರವೂ, ನಾವು ಅಕ್ಕಪಕ್ಕದ ಮನೆಯವರು. ಅವರಷ್ಟು ತಾಳ್ಮೆಯಿಲ್ಲದ ಮನುಷ್ಯರನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು ಎನ್ನುತ್ತಾರೆ. ನಾನೂ ಒಳ್ಳೆಯದನ್ನೇ ಹೇಳುತ್ತಿದ್ದೇನೆ.

ಕಾರ್ಕಳದಿಂದ ಮನೆಗೆ ಬರುವ ಬಸ್ಸು ಜನ ತುಂಬಲಿ ಎಂದು ಹಿರಿಯಡ್ಕದಲ್ಲಿ ನಿಂತುಬಿಡುತ್ತಿತ್ತು. ನಾವೆಲ್ಲ ಬೆವರು ಒರೆಸಿಕೊಂಡು ಕಾಯುತ್ತಿದ್ದೆವು. ಟೀಚರ್ ಮಾತ್ರ ಚೀಲ ಹೆಗಲಿಗೇರಿಸಿ ಇಳಿದು ಪರ್ಕಳದ ಕಡೆಗೆ ನಡೆದೇ ಬಿಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅದೇ ಬಸ್ಸು ಹಿಂದಿನಿಂದ ಬಂದು ಅವರನ್ನು ಹತ್ತಿಸಿಕೊಳ್ಳುತ್ತಿತ್ತು. ಇದರಿಂದ ಏನು ಲಾಭವಾಯಿತು ಎಂದು ಒಮ್ಮೆ ಕೇಳಿದೆ. ನಿಂತ ಬಸ್ಸಿನಲ್ಲಿ ಕೂರುವುದಕ್ಕಿಂತ ನಡೆಯುವ ಕಾಲಿನ ಮೇಲೆ ನಿಲ್ಲುವುದು ಮೇಲು ಎಂದರು. ಮದುವೆಗಳಲ್ಲಿ ಮೊದಲ ಪಂಕ್ತಿಯಲ್ಲಿ ಉಂಡು, ಮದುಮಗಳನ್ನು ನೋಡದೆಯೇ ಹೊರಟುಬಿಡುವುದು ಅವರ ಪದ್ಧತಿ. ಮದುಮಗಳನ್ನು ಆಮೇಲೆ ಫೋಟೋದಲ್ಲಿ ನೋಡಬಹುದು, ಊಟವನ್ನು ಫೋಟೋದಲ್ಲಿ ಮಾಡಲಿಕ್ಕಾಗುವುದಿಲ್ಲ ಎಂಬುದು ಅವರ ವಾದ.

ಉಪದೇಶಗಳೆಂದರೆ ಅವರಿಗೆ ಆಗುತ್ತಿರಲಿಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ಹುಡುಗಿಯೊಬ್ಬಳು ‘ತಾಳಿದವನು ಬಾಳಿಯಾನು’ ಎಂದು ಓದಿದಾಗ, ಎಷ್ಟು ತಾಳಬೇಕು ಎಂದು ಮಾತ್ರ ಹೇಳಿದವರಿಲ್ಲ ನೋಡು ಎಂದು ನನ್ನ ಕಿವಿಯಲ್ಲಿ ಗೊಣಗಿದ್ದರು. ಒಮ್ಮೆ ಎಲ್ಲಿಂದಲೋ ಒಬ್ಬ ವ್ಯಕ್ತಿತ್ವ ವಿಕಸನದ ಭಾಷಣಕಾರ ಬಂದಿದ್ದ. ಕೋಟು ಹಾಕಿಕೊಂಡು, ನೀರು ತುಂಬಿದ ಗ್ಲಾಸನ್ನು ಎತ್ತಿ ಹಿಡಿದು, ಈ ಗ್ಲಾಸು ಎಷ್ಟು ಭಾರ ಹೇಳಿ ಎಂದು ಮಕ್ಕಳನ್ನು ಕೇಳಿದ. ಕಷ್ಟವನ್ನು ಹಿಡಿದುಕೊಂಡೇ ಇದ್ದರೆ ಕೈ ನೋಯುತ್ತದೆ ಎಂಬ ಕಡೆಗೆ ಅವನ ಮಾತು ಹೊರಟಿತ್ತು. ಊಟದ ಗಂಟೆ ಹೊಡೆದು ಬಹಳ ಹೊತ್ತಾಗಿತ್ತು. ಹಿಂದಿನಿಂದ ಟೀಚರ ಧ್ವನಿ ಬಂತು:

“ಅದನ್ನು ಕುಡಿದು ಕೆಳಗೆ ಇಡಿ ಮಾರಾಯ್ರೆ. ಮಕ್ಕಳಿಗೆ ಹಸಿವಾಗುತ್ತಾ ಉಂಟು.”

ಇಷ್ಟೆಲ್ಲ ಇದ್ದರೂ ಒತ್ತಕ್ಷರ ಬಾರದ ಮಕ್ಕಳನ್ನು ಸಂಜೆ ನಿಲ್ಲಿಸಿಕೊಂಡು ಓದಿಸುತ್ತಿದ್ದದ್ದು ಅವರೊಬ್ಬರೇ. ಪ್ರೀತಿಯಿಂದ ಓದಿಸುತ್ತಿದ್ದರು ಎಂದರೆ ಸುಳ್ಳಾಗುತ್ತದೆ. ಸ್ವಲ್ಪ ಹೊತ್ತಿನಲ್ಲೇ ರೇಗಿ, ಪುಸ್ತಕ ಮುಚ್ಚಿ, ಇನ್ನು ನಿನ್ನ ಮುಖ ನೋಡಲಿಕ್ಕಿಲ್ಲ ಎಂದು ಓಡಿಸುತ್ತಿದ್ದರು. ಮರುದಿನ ಸಂಜೆ ಅದೇ ಮುಖ, ಅದೇ ಪುಟ. ಸಿಟ್ಟು ಪ್ರತಿದಿನ ಬರುತ್ತಿತ್ತು, ಅವರೂ ಪ್ರತಿದಿನ ಬರುತ್ತಿದ್ದರು. ವರ್ಷದ ಕೊನೆಗೆ ಮಗು ಓದುತ್ತಿತ್ತು. ಸಂತಾಪ ಸಭೆಯವರು ತಾಳ್ಮೆ ಎಂದದ್ದು ಇದನ್ನೇ ಇರಬೇಕು.

ಟೀಚರ್ ಮದುವೆಯಾಗಿರಲಿಲ್ಲ. ಹೆಣ್ಣು ನೋಡಲು ಬಂದವರು ಉತ್ತರ ಹೇಳಲು ತಡ ಮಾಡಿದರು, ಅಷ್ಟರಲ್ಲಿ ನನಗೆ ಕೆಲಸ ಸಿಕ್ಕಿತು ಎನ್ನುತ್ತಿದ್ದರು. ಹತ್ತಿರದ ಸಂಬಂಧಿ ಎಂದರೆ ಅಣ್ಣನ ಮಗ ಒಬ್ಬನೇ. ಅವನು ಮಸ್ಕತ್ತಿನಲ್ಲಿ ದುಡಿದು ಬಂದು ಶಿರ್ವದಲ್ಲಿ ದೊಡ್ಡ ಮನೆ ಕಟ್ಟಿಸಿದ್ದ. ಟೀಚರ್ ಪರ್ಕಳದ ಸಣ್ಣ ಹೆಂಚಿನ ಮನೆಯಲ್ಲಿ, ದಿನಪತ್ರಿಕೆಯ ಕಾಗುಣಿತದ ತಪ್ಪುಗಳಿಗೆ ಕೆಂಪು ಗೀಟು ಹಾಕುತ್ತಾ, ಮೀನು ತರುವ ಗಿರಿಜಕ್ಕನೊಡನೆ ದಿನವೂ ಜಗಳವಾಡುತ್ತಾ ಸುಖವಾಗಿದ್ದರು. ಗಿರಿಜಕ್ಕ ಮಲ್ಪೆಯಿಂದ ಸ್ಕೂಟರಿನಲ್ಲಿ ಬರುತ್ತಿದ್ದಳು. ಟೀಚರ್ ಪ್ರತಿಯೊಂದು ಬಂಗುಡೆಯ ಕಿವಿರು ಎತ್ತಿ ನೋಡಿ, ಇದು ಯಾವ ಕಾಲದ್ದು ಎಂದು ಕೇಳುತ್ತಿದ್ದರು. ಅವಳು ನಿಮ್ಮಷ್ಟು ಹಳತಲ್ಲ ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಗಿರಿಜಕ್ಕ ನನ್ನ ಗೇಟಿನ ಬಳಿ ಬಂದು ನಿಂತಳು. ಮುಖ ಬಿಳಿಚಿತ್ತು.

“ಟೀಚರಿಗೆ ಎಂತದೋ ಆಗಿದೆ,” ಎಂದಳು. “ಮೀನು ಕೊಟ್ಟೆ, ತೆಗೆದುಕೊಂಡರು. ಕಿವಿರು ನೋಡಲಿಲ್ಲ. ಬೈಯಲೂ ಇಲ್ಲ.”

ನಾನು ಓಡಿದೆ. ಟೀಚರ್ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದರು. ಬಲಗೈ ಮಡಿಲಲ್ಲಿ ಯಾರದೋ ಕೈಯಂತೆ ಬಿದ್ದಿತ್ತು. ಬಾಯಿ ಒಂದು ಕಡೆಗೆ ಜಾರಿತ್ತು. ನನ್ನನ್ನು ನೋಡಿ ಏನೋ ಹೇಳಲು ಹೋದರು, ಗಾಳಿ ಮಾತ್ರ ಬಂತು. ಗಿರಿಜಕ್ಕ ಮೀನಿನ ಬುಟ್ಟಿಯನ್ನು ಅಂಗಳದಲ್ಲೇ ಬೆಕ್ಕುಗಳ ಪಾಲಿಗೆ ಬಿಟ್ಟು ರಿಕ್ಷಾ ತಂದಳು. ಮಣಿಪಾಲ ಹತ್ತಿರವಿದ್ದದ್ದು ಪುಣ್ಯ. ಮೆದುಳಿನಲ್ಲಿ ರಕ್ತ ಕಟ್ಟಿದೆ, ಬೇಗ ತಂದದ್ದರಿಂದ ಉಳಿದರು ಎಂದು ಆಸ್ಪತ್ರೆಯಲ್ಲಿ ಹೇಳಿದರು. ದಿನವೂ ಬೈಯುವವರಿಗೆ ಇದೊಂದು ಅನುಕೂಲ. ಬೈಯದ ದಿನ ಜನರಿಗೆ ಗೊತ್ತಾಗುತ್ತದೆ.

ಕೆಲವು ದಿನಗಳಲ್ಲಿ ಕಾಲಿಗೆ ಬಲ ಬಂತು. ಕೈ ಅರ್ಧ ಬಂತು. ಮಾತು ಬರಲಿಲ್ಲ. ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು, ಹೇಳಬೇಕಾದದ್ದೂ ಒಳಗೆ ಇರುತ್ತಿತ್ತು. ಆದರೆ ಪದ ಬಾಗಿಲವರೆಗೆ ಬಂದು ಹಿಂದೆ ಹೋಗುತ್ತಿತ್ತು. ಒಂದು ಬೆಳಿಗ್ಗೆ ಹಿರಿಯ ಡಾಕ್ಟರು ವಿದ್ಯಾರ್ಥಿಗಳ ಹಿಂಡಿನೊಂದಿಗೆ ಬಂದು, ಹೇಗಿದ್ದೀರಿ ಟೀಚರ್ ಎಂದು ವಿಚಾರಿಸಿದರು. ಟೀಚರ್ ನಕ್ಕರು, ಉಸಿರು ತೆಗೆದುಕೊಂಡರು, ಸ್ಪಷ್ಟವಾಗಿ ಉತ್ತರಿಸಿದರು:

“ಬೇವರ್ಸಿ.”

ನಮ್ಮ ಕಡೆ ಬಸ್‌ ಸ್ಟ್ಯಾಂಡಿನಲ್ಲಿ ಧಾರಾಳವಾಗಿ ಸಿಗುವ ಬೈಗುಳ ಇದು. ಟೀಚರ ಬಾಯಿಂದ ನಾನು ಅದನ್ನು ಒಮ್ಮೆಯೂ ಕೇಳಿರಲಿಲ್ಲ. ಶಾಲೆಯಲ್ಲಿ ಅದನ್ನು ಹೇಳಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವರು ಅವರು. ಎಡಗೈಯಿಂದ ಬಾಯಿ ಮುಚ್ಚಿಕೊಂಡರು. ಅವರು ಹೇಳಲು ಹೊರಟದ್ದು ‘ಆರಾಮ’ ಎಂದು. ವಿದ್ಯಾರ್ಥಿಗಳು ನೆಲ ನೋಡಿದರು. ಡಾಕ್ಟರು ಮಾತ್ರ ಸಂತೋಷಪಟ್ಟರು. ಬೈಗುಳಗಳು ಮೆದುಳಿನಲ್ಲಿ ಬೇರೆಯೇ ಕಡೆ ವಾಸ ಮಾಡುತ್ತವೆ, ಉಳಿದದ್ದೆಲ್ಲ ಮುಳುಗಿದಾಗಲೂ ಅವು ತೇಲುತ್ತವೆ ಎಂದು ವಿವರಿಸಿದರು. ಅವರು ಹೋದ ಮೇಲೆ ಟೀಚರ್ ಗೋಡೆಯ ಕಡೆಗೆ ಹೊರಳಿದರು. ಅವರ ಹೆಗಲು ಅಲುಗುತ್ತಿತ್ತು. ಅಷ್ಟು ವರ್ಷಗಳ ಗೆಳೆತನದಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮನೆಗೆ ಬಂದ ಮೇಲೆ ಇನ್ನೊಂದು ತೊಂದರೆ ತಿಳಿಯಿತು. ‘ಹೌದು’ ಎನ್ನಬೇಕಾದಲ್ಲಿ ‘ಇಲ್ಲ’ ಬರುತ್ತಿತ್ತು, ‘ಇಲ್ಲ’ ಎನ್ನಬೇಕಾದಲ್ಲಿ ‘ಹೌದು’. ಕಾಫಿಯ ವಿಷಯದಲ್ಲಿ ಇದು ನಗೆಯ ಸಂಗತಿ. ಆದರೆ ಒಂದು ಭಾನುವಾರ ಅಣ್ಣನ ಮಗ ಬಂದು, ಮಾತು ಬಾರದವರು ಒಬ್ಬರೇ ಇರುವುದು ಸರಿಯಲ್ಲ, ಶಿರ್ವದಲ್ಲಿ ಕೆಳಗಿನ ಕೋಣೆ ಖಾಲಿ ಮಾಡಿಸಿದ್ದೇನೆ, ಈ ಮನೆಯನ್ನು ಮಣಿಪಾಲದಲ್ಲಿ ಓದುವ ಹುಡುಗರಿಗೆ ಬಾಡಿಗೆಗೆ ಕೊಡುವ ಎಂದ. ಅವನು ಕೆಟ್ಟವನಲ್ಲ. ಅತ್ತೆಯ ಮೇಲೆ ನಿಜವಾದ ಪ್ರೀತಿ ಇದ್ದವನೇ. ಕೊನೆಗೆ, ನಿಮಗೆ ಒಪ್ಪಿಗೆ ಅಲ್ವಾ ಅತ್ತೆ ಎಂದು ಕೇಳಿದ.

ಟೀಚರ್ “ಹೌದು” ಎಂದರು.

ಅವನು ಸಮಾಧಾನದಿಂದ ಎದ್ದ. ಟೀಚರ್ ಬಿಳಿಚಿಕೊಂಡು ಮತ್ತೆ “ಹೌದು, ಹೌದು” ಎನ್ನುತ್ತಾ ತಲೆಯನ್ನು ಅಡ್ಡಡ್ಡ ಆಡಿಸಿದರು. ಎಡಗೈಯಿಂದ ಮೇಜು ಗುದ್ದಿದರು. ಚಮಚ ಕೆಳಗೆ ಬಿತ್ತು. ತಮ್ಮದೇ ಬಾಯಿ ತಮ್ಮ ವಿರುದ್ಧ ಸಾಕ್ಷಿ ಹೇಳುವಾಗ ಮನುಷ್ಯರ ಕಣ್ಣು ಹೇಗಿರುತ್ತದೆ ಎಂದು ನಾನು ಅಂದು ನೋಡಿದೆ. ಅವರು ಹೇಳುತ್ತಿರುವುದು ‘ಇಲ್ಲ’ ಎಂದು ನಾನು ವಿವರಿಸಿದೆ. ಅವನು ಅನುಮಾನದಿಂದ ಇಬ್ಬರನ್ನೂ ನೋಡಿದ. ಕೊನೆಗೆ ಒಂದು ರಾಜಿಯಾಯಿತು. ಮಳೆಗಾಲ ಕಳೆಯುವವರೆಗೆ ಟೀಚರ್ ಇಲ್ಲೇ ಇರಲಿ, ಹಗಲು ಕೆಲಸದವಳು, ಉಳಿದ ಹೊತ್ತಿಗೆ ಪಕ್ಕದಲ್ಲಿ ನಾನು. ಅಷ್ಟರಲ್ಲಿ ತಮಗೆ ಬೇಕಾದದ್ದನ್ನು ತಮ್ಮ ಬಾಯಿಂದಲೇ ಹೇಳಲು ಬಂದರೆ ಸರಿ, ಇಲ್ಲವಾದರೆ ಶಿರ್ವ.

ಹೀಗೆ ಮಣಿಪಾಲದಲ್ಲಿ ಮಾತಿನ ಪಾಠ ಸುರುವಾಯಿತು. ಕಲಿಸುವವಳು ನೇಹಾ ಎಂಬ ಹುಡುಗಿ, ಬಿಹಾರದವಳು. ಅವಳಿಗೆ ಕನ್ನಡ ಬರುತ್ತಿತ್ತು, ಆದರೆ ರೈಲಿನಲ್ಲಿ ಬರುವಾಗ ಅರ್ಧ ದಾರಿಯಲ್ಲಿ ಬಿದ್ದುಹೋದ ಹಾಗಿತ್ತು. ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ಎತ್ತಿ ಹಿಡಿದು ಇದು ಎಂತ ಎಂದು ಕೇಳುತ್ತಿದ್ದಳು. ಆನೆಗೆ ಟೀಚರ್ ಬೇವರ್ಸಿ ಎಂದರು. ಕೊಡೆಗೂ ಬೇವರ್ಸಿ. ಮಹಾತ್ಮರೊಬ್ಬರ ಚಿತ್ರ ಬಂದಾಗ ನಾನು ಉಸಿರು ಬಿಗಿಹಿಡಿದೆ. ಟೀಚರ್ ಜಾಣತನದಿಂದ ತುಟಿ ಬಿಗಿದುಕೊಂಡರು.

ವಾರಗಳು ಹೀಗೆ ಹೋದವು. ಒಂದು ದಿನ ನೇಹಾ ಬಾಳೆಹಣ್ಣಿನ ಚಿತ್ರ ತೋರಿಸಿ, ಉತ್ತರ ಬಾರದೆ, ತಾನೇ ಹೇಳಿಕೊಟ್ಟಳು: “ಬಾಲೆಹನ್ನು.”

ಟೀಚರ್ ನೆಟ್ಟಗಾದರು. ನೇಹಾ ಮತ್ತೆ “ಬಾಲೆಹನ್ನು” ಎಂದಳು. ಟೀಚರ ಕುತ್ತಿಗೆಯ ನರ ಉಬ್ಬಿತು. ಬೆರಳು ಮೇಲೆದ್ದಿತು, ಗಲ್ಲ ನಡುಗಿತು, ಎಲ್ಲೋ ಆಳದಲ್ಲಿ ಬಾವಿಯ ರಾಟೆ ತಿರುಗಿದ ಹಾಗೆ ಒಂದು ಶಬ್ದವಾಯಿತು.

“ಳ,” ಎಂದರು ಟೀಚರ್. “ಳ. ಬಾ... ಳೆ... ಹ... ಣ್ಣು. ಣ್ಣು.”

ನೇಹಾಳ ಕೈಯಿಂದ ಕಾರ್ಡು ಜಾರಿತು. ಆಮೇಲೆ ಆ ಹುಡುಗಿಗೆ ದಾರಿ ಗೊತ್ತಾಯಿತು. ಕೇಳಿದ್ದಕ್ಕೆ ಉತ್ತರಿಸುವುದು ಟೀಚರಿಗೆ ಆಗುತ್ತಿರಲಿಲ್ಲ, ತಪ್ಪನ್ನು ತಿದ್ದದೆ ಇರುವುದೂ ಆಗುತ್ತಿರಲಿಲ್ಲ. ಅವಳು ಹಲ್ಲಿ ಎನ್ನುವಲ್ಲಿ ಹಳ್ಳಿ ಎಂದಳು, ಹಾಲು ಎನ್ನುವಲ್ಲಿ ಹಾಳು ಎಂದಳು. ಒಂದೊಂದು ತಪ್ಪಿಗೂ ಒಂದೊಂದು ಪದ ಸಿಟ್ಟಿನಿಂದ ಮೇಲೆ ಬಂತು. ತಿಂಗಳಾದ ಮೇಲೆ ನೇಹಾಳ ಉಚ್ಚಾರ ಸುಧಾರಿಸಲೇ ಇಲ್ಲವಲ್ಲ ಎಂದು ನಾನು ಕಾರಿಡಾರಿನಲ್ಲಿ ಮೆಲ್ಲನೆ ಹೇಳಿದೆ. ಅವಳು ನಕ್ಕಳು. ಮೊದಲ ದಿನ ನಿಜವಾಗಿಯೂ ಬರುತ್ತಿರಲಿಲ್ಲವಂತೆ, ಮನೆಯಲ್ಲಿ ಕನ್ನಡಿ ಮುಂದೆ ಅಭ್ಯಾಸ ಮಾಡಿ ವಾರದಲ್ಲೇ ಕಲಿತಳಂತೆ. “ಆದರೆ ಕಲಿತಿದ್ದೇನೆ ಅಂತ ಟೀಚರಿಗೆ ಹೇಳಬೇಡಿ,” ಎಂದಳು.

ಮನೆಯಲ್ಲಿಯೂ ಅಭ್ಯಾಸ ನಡೆಯುತ್ತಿತ್ತು. ಜಗಲಿಯಲ್ಲಿ ಕೂತು ಕಾರ್ಡು ಹಿಡಿಯುವ ಕೆಲಸ ನನ್ನದು. ಪದ ಬಾರದಿದ್ದರೆ ಟೀಚರ್ ಇಡೀ ಕಟ್ಟನ್ನು ಕಿತ್ತು ಮಳೆಯ ಅಂಗಳಕ್ಕೆ ಎಸೆಯುತ್ತಿದ್ದರು. ಆಮೇಲೆ ತಾವೇ ಇಳಿದು, ನೆನೆಯುತ್ತಾ, ಎಡಗೈಯಿಂದ ಒಂದೊಂದೇ ಹೆಕ್ಕಿ, ಸೀರೆಗೆ ಒರೆಸಿ ತಂದು ನನ್ನ ಮುಂದೆ ಇಡುತ್ತಿದ್ದರು. ನಾನು ಹೆಕ್ಕಲು ಹೋದರೆ ಅವರ ಕಣ್ಣು ಕೆಂಪಗಾಗುತ್ತಿತ್ತು.

ನೋಡಲು ಬರುವವರ ಕಾಟ ಬೇರೆ. ನಿವೃತ್ತ ಹೆಡ್‌ಮಾಸ್ತರರೊಬ್ಬರು ಬಂದು, ಮನಸ್ಸಿದ್ದರೆ ಮಾರ್ಗ, ಯಾವಾಗಲೂ ಪಾಸಿಟಿವ್ ಆಗಿರಬೇಕು, ಎಲ್ಲದಕ್ಕೂ ಒಂದು ಕಾರಣ ಉಂಟು ಎಂದೆಲ್ಲ ಎರಡು ಲೋಟ ಚಹಾದಷ್ಟು ಹೊತ್ತು ಬೋಧಿಸಿದರು. ಟೀಚರ್ ಎಲ್ಲವನ್ನೂ ಶಾಂತವಾಗಿ ಕೇಳಿ, ಕೊನೆಗೆ ಅವರ ಮುಖ ನೋಡುತ್ತಾ, “ಬೇವರ್ಸಿ,” ಎಂದರು. ಪಾಪ, ಕಾಯಿಲೆ ಎಂದು ಅವರು ಮರುಗಿ, ಎರಡೂ ಕೈ ಮುಗಿದು ಹೋದರು. ಅಷ್ಟು ಹೊತ್ತಿಗೆ ಟೀಚರಿಗೆ ‘ಹೋಗಿ ಬನ್ನಿ’ ಎನ್ನಲು ಚೆನ್ನಾಗಿಯೇ ಬರುತ್ತಿತ್ತು. ನಾನು ಅನುಮಾನದಿಂದ ನೋಡಿದೆ. ಅವರು ಸೆರಗಿನಲ್ಲಿ ಮುಖ ಮುಚ್ಚಿ ಕುಲುಕುಲು ನಗುತ್ತಿದ್ದರು.

ಆದರೆ ಮಳೆಗಾಲದ ಕೊನೆಗೆ ಬರುವ ಸೋಣ ತಿಂಗಳಲ್ಲಿ ಎಲ್ಲವೂ ನಿಂತುಹೋಯಿತು. ‘ಇಲ್ಲಿ’ ಮತ್ತು ‘ಅಲ್ಲಿ’ ಎಂಬ ಎರಡು ಪದಗಳು ಎಷ್ಟು ತಿದ್ದಿದರೂ ಅದಲು ಬದಲಾಗುತ್ತಿದ್ದವು. ಒಂದು ದಿನ ಟೀಚರ್ ಕಾರ್ಡುಗಳನ್ನು ಎಸೆಯಲೂ ಇಲ್ಲ. ನೆಲದ ಮೇಲೆ ಮೆತ್ತಗೆ ಇಟ್ಟು ಒಳಗೆ ಹೋಗಿ ಮಲಗಿದರು. ಎಸೆದಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ಆಮೇಲೆ ಮಣಿಪಾಲಕ್ಕೂ ಬರಲಿಲ್ಲ, ಊಟಕ್ಕೂ ಸರಿಯಾಗಿ ಏಳಲಿಲ್ಲ. ಗಿರಿಜಕ್ಕ ಬಂದು ಬಾಗಿಲಲ್ಲಿ ನಿಂತು ಹೋಗುತ್ತಿದ್ದಳು.

ಇಂಥಲ್ಲಿ ಒಂದು ಇರುವೆ ಗೋಡೆ ಹತ್ತಿ ಬಿದ್ದು ಮತ್ತೆ ಹತ್ತಿತು, ಅದನ್ನು ನೋಡಿ ಟೀಚರಿಗೆ ಸ್ಫೂರ್ತಿ ಬಂತು ಎಂದು ಬರೆಯುವ ಸಂಪ್ರದಾಯ ಉಂಟು. ಆ ಗೋಡೆಯ ಮೇಲೆ ಇರುವೆಗಳು ಬೇಕಾದಷ್ಟು ಇದ್ದವು. ಟೀಚರ್ ಅವುಗಳಿಗೆ ಪುಡಿ ಹಾಕಿಸಿದ್ದರು. ಏನೂ ನಡೆಯಲಿಲ್ಲ. ಒಂದು ಬೆಳಿಗ್ಗೆ ಅವರು ಎದ್ದು, ಸ್ನಾನ ಮಾಡಿ, ಸೀರೆ ಸುತ್ತಿಕೊಂಡು ನನ್ನ ಬಾಗಿಲು ಬಡಿದರು. ಕೈಯಲ್ಲಿ ಚೀಲವಿತ್ತು. ಏನಾಯಿತು ಟೀಚರ್, ಹೇಗೆ ಎದ್ದಿರಿ ಎಂದು ಕೇಳಿದೆ.

“ಬೇ...” ಎಂದರು. ನಾನು ಆ ಬೈಗುಳಕ್ಕೆ ಸಿದ್ಧಳಾದೆ. “ಬೇಸರ. ಮಲಗಿ ಮಲಗಿ... ಬೇಸರ. ನಡಿ.”

ಮಲಗಿ ಕೊರಗಲಿಕ್ಕೂ ತಾಳ್ಮೆ ಬೇಕು. ಅದು ಅವರಲ್ಲಿ ಇರಲಿಲ್ಲ.

ಮಳೆ ಹಿಂದೆ ಸರಿದು, ಗದ್ದೆಗಳು ಹಳದಿಯಾಗುವ ಹೊತ್ತಿಗೆ ಅಣ್ಣನ ಮಗ ಬಂದ. ಜಗಲಿಯಲ್ಲಿ ನಾವು ಮೂವರೂ ಕೂತೆವು. ಅವನು ಮಾತು ಸುತ್ತಿ ಬಳಸಲಿಲ್ಲ. ನಿಮ್ಮ ತೀರ್ಮಾನ ಎಂತ ಅತ್ತೆ ಎಂದು ಮೆಲ್ಲಗೆ ಕೇಳಿದ. ಟೀಚರ್ ವಾರಗಟ್ಟಲೆ ಒಂದೇ ವಾಕ್ಯವನ್ನು ಅಭ್ಯಾಸ ಮಾಡಿದ್ದರು.

“ನಾನು...” ಎಂದರು. ಬಾಯಿ ತೆರೆದೇ ಇತ್ತು. “ನಾನು... ಅ... ಅಲ್ಲಿ...”

ಅವರಿಗೆ ತಪ್ಪು ಗೊತ್ತಾಯಿತು. ಮುಖಕ್ಕೆ ರಕ್ತ ಏರಿತು. ಅಣ್ಣನ ಮಗ ಕರುಣೆಯಿಂದ ಮುಂದೆ ಬಾಗಿ, ಅಲ್ಲಿ ಶಿರ್ವದಲ್ಲಿ ಇರುತ್ತೇನೆ ಅಂತ ಅಲ್ವಾ ಎಂದು ವಾಕ್ಯವನ್ನು ತಾನೇ ಮುಗಿಸಲು ಹೊರಟ. ನನ್ನ ನಾಲಗೆಯ ತುದಿಗೂ ಉತ್ತರ ಬಂದಿತ್ತು. ಟೀಚರ್ ಎಡಗೈ ಎತ್ತಿದರು. ತರಗತಿಯ ಗದ್ದಲವನ್ನು ಅಡಗಿಸುತ್ತಿದ್ದ ಕೈ ಅದು.

“ನಿಲ್ಲು,” ಎಂದರು. “ನಾನು... ಹೇಳುತ್ತೇನೆ.”

ನಾವಿಬ್ಬರೂ ಬಾಯಿಗೆ ಬಂದ ಮಾತನ್ನು ಅಲ್ಲೇ ತಡೆದೆವು. ಚಹಾ ತಣ್ಣಗಾಗಿ ಕೆನೆ ಕಟ್ಟಿತು. ರಸ್ತೆಯಲ್ಲಿ ಒಂದು ಬಸ್ಸು ಹಾರ್ನು ಹಾಕುತ್ತಾ ಹೋಯಿತು. ಟೀಚರ್ ಕಣ್ಣು ಮುಚ್ಚಿ, ತುಟಿಗಳನ್ನು ಆಕಾರಕ್ಕೆ ತಂದು, ಕೆಡಿಸಿ, ಮತ್ತೆ ತಂದರು. ಹಣೆಯಲ್ಲಿ ಬೆವರು ಮೂಡಿತು. ಅಷ್ಟು ಹೊತ್ತು ಬಾಯಿ ಮುಚ್ಚಿ ಕೂರುವುದು ಮಾತು ಬರುವವರಿಗೆ ಎಷ್ಟು ಕಷ್ಟ ಎಂದು ನನಗೆ ಅಂದು ತಿಳಿಯಿತು.

“ನಾನು... ಇಲ್ಲಿ,” ಎಂದರು ಕೊನೆಗೆ. ಕಣ್ಣು ತೆರೆದರು. “ಇಲ್ಲಿಯೇ. ನೀನು...” ಸ್ವಲ್ಪ ಉಸಿರು ತೆಗೆದುಕೊಂಡರು. “ಊಟ ಮಾಡಿ ಹೋಗು.”

ಅವನು ತಲೆ ತಗ್ಗಿಸಿ ನಕ್ಕ. ಕಣ್ಣು ಒರೆಸಿಕೊಂಡದ್ದೂ ಕಂಡಿತು. ಊಟ ಮಾಡಿಯೇ ಹೋದ. ಹುಳಿ ಖಾರದ ಬಂಗುಡೆ ಪುಳಿಮುಂಚಿ ಇತ್ತು.

ಆ ಮೇಲೆ ಟೀಚರ್ ತಮ್ಮ ಮನೆಯಲ್ಲೇ ಒಳ್ಳೆಯ ಕೆಲವು ವರ್ಷ ಬದುಕಿದರು. ಮಾತು ಪೂರ್ತಿಯಾಗಿ ಮರಳಲಿಲ್ಲ. ಉದ್ದದ ವಾಕ್ಯಗಳು ಹೋದವು, ಚಿಕ್ಕವು ಉಳಿದವು. ಅವರ ಜಗಳಗಳಿಗೆ ಅದರಿಂದ ನಷ್ಟವೇನೂ ಆಗಲಿಲ್ಲ. ಗಿರಿಜಕ್ಕನಿಗೆ “ಹಳತು” ಎಂಬ ಒಂದೇ ಪದದಲ್ಲಿ ಹಿಂದಿನ ಇಡೀ ಭಾಷಣ ಮುಟ್ಟುತ್ತಿತ್ತು. ಉಡುಪಿಯ ಒಂದು ಸಂಘದವರು ಅವರನ್ನು ಸನ್ಮಾನಕ್ಕೆ ಕರೆದು, ಛಲದ ಬಗ್ಗೆ ಎರಡು ಮಾತು ಹೇಳಿ ಎಂದು ಮೈಕಿನ ಮುಂದೆ ನಿಲ್ಲಿಸಿದರು. ಶಾಲು, ಹಾರ, ಹಣ್ಣಿನ ಬುಟ್ಟಿಯ ನಡುವೆ ಟೀಚರ್ ಬಹಳ ಹೊತ್ತು ಸುಮ್ಮನೆ ನಿಂತರು. ಸಭೆ ಕೆಮ್ಮಿತು.

“ಛಲ ಎಂತ ಇಲ್ಲ,” ಎಂದರು. “ಬೇರೆ... ಎಂತ ಮಾಡುವುದು?”

ಹೇಳಿ ಇಳಿದು ಬಂದರು. ಅಧ್ಯಕ್ಷರು ಅದನ್ನು ವಿನಯ ಎಂದು ವ್ಯಾಖ್ಯಾನಿಸಿದರು. ನನಗೆ ಗೊತ್ತಿದ್ದ ಮಟ್ಟಿಗೆ ಟೀಚರಲ್ಲಿ ವಿನಯವೂ ಇರಲಿಲ್ಲ. ಕೇಳಿದ್ದಕ್ಕೆ ಇದ್ದ ಉತ್ತರ ಕೊಟ್ಟಿದ್ದರು, ಅಷ್ಟೆ.

ಕಳೆದ ಬೇಸಿಗೆಯಲ್ಲಿ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಅದಕ್ಕೆ ಕೆಲವು ವಾರಗಳ ಹಿಂದೆ ನಾವಿಬ್ಬರೂ ಬಸ್ಸು ಹತ್ತಿ ಕಾಪುವಿನ ಕಡಲಿಗೆ ಹೋಗಿದ್ದೆವು. ಸಂಜೆಯ ಜನ ಬಹಳವಿತ್ತು. ಚರುಮುರಿಯ ಗಾಡಿಯ ಮುಂದೆ ಸಾಲು. ನಾನು ತರುತ್ತೇನೆ ಎಂದರೂ ಕೇಳದೆ ಟೀಚರ್ ತಾವೇ ನಿಂತರು. ಅವರ ಸರದಿ ಬಂದಾಗ “ಖಾರ...” ಎಂದು ಸಿಕ್ಕಿಕೊಂಡರು. ಹಿಂದೆ ನಿಂತ ಗಂಡಸೊಬ್ಬರು ಒಳ್ಳೆಯ ಮನಸ್ಸಿನಿಂದಲೇ, ಅಜ್ಜಿಗೆ ಖಾರ ಬೇಡವಂತೆ ಎಂದು ಗಾಡಿಯವನಿಗೆ ಹೇಳಿದರು. ಟೀಚರ್ ನಿಧಾನವಾಗಿ ತಿರುಗಿ ಅವರನ್ನು ನೋಡಿದರು. ಮತ್ತೆ ಗಾಡಿಯ ಕಡೆ ತಿರುಗಿದರು. ಇಡೀ ಸಾಲು ಕಾಯಿತು.

“ಖಾರ... ಜಾಸ್ತಿ,” ಎಂದರು.

ಮರಳಿನಲ್ಲಿ ಕೂತು ತಿಂದೆವು. ಕಾಗದದ ಪೊಟ್ಟಣ ಅವರ ಮಡಿಲಲ್ಲಿತ್ತು, ಎಡಗೈ ಬಾಯಿಗೂ ಪೊಟ್ಟಣಕ್ಕೂ ಓಡಾಡುತ್ತಿತ್ತು. ಮೂಗು ಸೋರುತ್ತಿತ್ತು, ಕಣ್ಣಲ್ಲಿ ನೀರು. ಸೂರ್ಯ ಇಳಿದ, ಜನ ಫೋಟೋ ತೆಗೆದು ಮುಗಿಸಿದರು, ಬಂಡೆಯ ಮೇಲೆ ದೀಪಸ್ತಂಭದ ಬೆಳಕು ಸುತ್ತತೊಡಗಿತು. ಪೊಟ್ಟಣ ಖಾಲಿಯಾಯಿತು. ಹೇಗಿತ್ತು ಟೀಚರ್ ಎಂದು ಕೇಳಿದೆ.

ಅವರ ತುಟಿಗಳು ಅಲುಗಿದವು. ಪದ ಬರಲಿಲ್ಲ. ರುಚಿ ಎಂದು ಹೇಳಹೊರಟಿದ್ದಾರೋ, ಸಾಕು ಎಂದೋ, ಮನೆಗೆ ಹೋಗುವ ಎಂದೋ ನನಗೆ ತಿಳಿಯಲಿಲ್ಲ. ನಾನು ಯಾವುದನ್ನೂ ಎತ್ತಿ ಕೊಡಲಿಲ್ಲ. ಅಲೆಗಳನ್ನು ನೋಡುತ್ತಾ ಸುಮ್ಮನೆ ಕೂತೆ. ತುಂಬ ಹೊತ್ತಾಯಿತು.

“ಇನ್ನೊಂದು,” ಎಂದರು ಟೀಚರ್.